ನಾಗಮಂಗಲದಿಂದ ಉತ್ರ ಬರೋವರ್ಗೂ

ನಮಸ್ಕಾರ ಅಂತ ಟೈಪ್ ಮಾಡಿ ಎಂಟರ್ ಒತ್ತುತಿದ್ದೆ. ಆಮೇಲೆ ಏನೂ ಆಗ್ತಿರ್ಲಿಲ್ಲ. ಕಪ್ಪು ಪರದೆ ಮೇಲೆ ನನ್ನ ನಮಸ್ಕಾರ ಒಂದೇ, ಅದ್ರ ಕೆಳಗೆ ಪಿಳಿಪಿಳಿ ಅಂತ ಕಣ್ಣು ಹೊಡೆಯೋ ಒಂದು ಗೆರೆ. 

ನಾನು ಕೂತಿದ್ದು ಪಾಂಡವಪುರದಲ್ಲಿ, ನನ್ನ ಕ್ಲಾಸು ಇದ್ದಿದ್ದು ನಾಗಮಂಗಲದಲ್ಲಿ. ಮಧ್ಯ ಒಂದು ಫೋನ್ ಲೈನು. ತೊಂಬತ್ತರ ದಶಕ ಮುಗೀತಾ ಬಂದಿತ್ತು, ಎಲ್ಲರ ಬಾಯಲ್ಲೂ ಇಂಟರ್ನೆಟ್ಟು ಇಂಟರ್ನೆಟ್ಟು ಅನ್ನೋ ಮಾತು, ಕಂಡೋರು ಮಾತ್ರ ಕಮ್ಮಿ. ನಮ್ದು ನಿಜ ಹೇಳ್ಬೇಕು ಅಂದ್ರೆ ಇಂಟರ್ನೆಟ್ಟೂ ಅಲ್ಲ. ಈ ಕಡೆ ಒಂದು ಕಂಪ್ಯೂಟ್ರು, ಆ ಕಡೆ ಒಂದು ಕಂಪ್ಯೂಟ್ರು, ಎರಡಕ್ಕೂ ಒಂದೊಂದು ಮೋಡೆಮ್ಮು, ಅಂದ್ರೆ ಫೋನ್ ತಂತಿ ಸಿಗಿಸೋ ಡಬ್ಬಿ. ನಾನು ಇಲ್ಲಿಂದ ಫೋನ್ ಹಚ್ಚಿದ್ರೆ ಅದು ಕಿರ್ರೋ ಅಂತ ಅರಚ್ಕಂಡು ಆ ಕಡೆ ಡಬ್ಬೀನ ಎಬ್ಬಿಸೋದು. ಆಮೇಲೆ ನಾನಿಲ್ಲಿ ಬರ್ದಿದ್ದು ಅಲ್ಲಿ ಕಾಣೋದು, ಅವ್ರು ಬರ್ದಿದ್ದು ಇಲ್ಲಿ ಕಾಣೋದು. ಅಕ್ಷರ ಇಂಗ್ಲಿಷು, ಮಾತು ಕನ್ನಡ. ಅಷ್ಟಕ್ಕೇ ನಮ್ಮ ಓನರ್ರು ಬಾಗ್ಲ ಮೇಲೆ ‘ಆನ್‌ಲೈನ್ ಕಂಪ್ಯೂಟರ್ ತರಬೇತಿ’ ಅಂತ ಬೋರ್ಡು ಬರೆಸ್ಬುಟ್ಟಿದ್ರು.

ಓನರ್ರು ಕೆ.ಆರ್.ಪೇಟೆ ಕಡೆಯೋರು. ದೊಡ್ಡ ಗಂಟ್ಲು, ದೊಡ್ಡ ನಗು, ಸಿಟ್ಟೂ ಅಷ್ಟೇ ದೊಡ್ದು. ಪಾಂಡವಪುರದಲ್ಲೊಂದು ಸೆಂಟ್ರು, ನಾಗಮಂಗಲದಲ್ಲೊಂದು ಸೆಂಟ್ರು ಇಟ್ಟಿದ್ರು. ನಾಗಮಂಗಲದಲ್ಲಿ ಮೇಷ್ಟ್ರು ನಿಲ್ತಾನೇ ಇರ್ಲಿಲ್ಲ, ನಾಲ್ಕು ದಿನ ಇದ್ದು ಮೈಸೂರಿಗೆ ಹೊಂಟೋಗೋರು. ಅದ್ಕೆ ಇವ್ರು ಒಂದಿನ ಬಂದು, “ಮೇಷ್ಟ್ರು ಬಸ್ಸಲ್ಲಿ ಓಡೋಯ್ತಾರೆ ಕಣಮ್ಮ, ಅದ್ಕೆ ಮೇಷ್ಟ್ರನ್ನೇ ತಂತೀಲಿ ಕಳಿಸ್ಬುಡ್ತೀನಿ. ತಂತೀಲಿ ಓಡೋಗಕ್ಕಾಗಲ್ವಲ್ಲ!” ಅಂದ್ರು.

ತಂತೀಲಿ ಹೋಗ್ಬೇಕಾದ ಮೇಷ್ಟ್ರು ನಾನೇ.

ನಾನು ಓದಿದ್ದು ಪಿಯುಸಿ. ಮನೆ ಶ್ರೀರಂಗಪಟ್ಟಣದ ಹತ್ರ ಒಂದು ಹಳ್ಳಿ. ಟೈಪಿಂಗ್ ಕಲಿಯಕ್ಕೆ ಅಂತ ಆ ಸೆಂಟ್ರಿಗೆ ಸೇರಿದ್ದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಳಗಡೆ ರೂಮಲ್ಲಿ ಖಾಲಿ ಕೂತಿರೋ ಕಂಪ್ಯೂಟ್ರು ನನ್ನ ಕರೆಯೋದು. ಒಂದೊಂದೇ ಗುಂಡಿ ಒತ್ತಿ, ಏನಾಯ್ತು ನೋಡಿ, ಕೆಟ್ಟೋಯ್ತು ಅಂತ ಅತ್ತು, ಮತ್ತೆ ಸರಿ ಮಾಡಿ, ಹಂಗೇ ಕಲ್ತೆ. ನನ್ಗಿಂತ ಹೆಚ್ಚು ಗೊತ್ತಿರೋರು ಆ ಬಿಲ್ಡಿಂಗಲ್ಲಿ ಇಲ್ಲ ಅಂತ ಆದ್ಮೇಲೆ ಓನರ್ರು ನನ್ನೇ ಟೀಚರ್ ಮಾಡ್ಬುಟ್ರು. ಮನೆಗೆ ಹೋಗಿ ಟೀಚರ್ರಾದೆ ಅಂತ ಹೇಳ್ದಾಗ ನಮ್ಮವ್ವ ಕೈ ತೊಳ್ಕಂಡು ಬಂದು ನನ್ನ ತಲೆ ಸವರಿದ್ಲು. ಆ ಕೆಲ್ಸ ನಂಗೆ ಅಷ್ಟು ಬೇಕಿತ್ತು ಅಂತ ಅವತ್ತೇ ಗೊತ್ತಾಗಿದ್ದು.

ಆದ್ರೆ ಯಾವತ್ತೂ ಒಂದು ಕ್ಲಾಸ್ ಮುಂದೆ ನಿಂತೋಳಲ್ಲ ನಾನು. ಮೊದ್ಲ ಕ್ಲಾಸೇ ಈ ಕಾಣ್ದೆ ಇರೋ ಕ್ಲಾಸು.

ನಮಸ್ಕಾರ ಅಂದ್ರೆ ಉತ್ರ ಇಲ್ಲ. ‘ಯಾರಾದ್ರೂ ಇದೀರಾ?’ ಅಂತ ಬರೀತಿದ್ದೆ. ಸುಮಾರು ಹೊತ್ತಾದ್ಮೇಲೆ, ಒಂದೊಂದೇ ಅಕ್ಷರ ತೆವಳ್ಕಂಡು ಬರೋದು: ‘ಇದೀವಿ ಸಾರ್.’ ಅಷ್ಟೇ. ಮತ್ತೆ ಮೌನ. ನಾನು ಪಾಠ ಶುರು ಮಾಡೋಳು. ಫೈಲ್ ಅಂದ್ರೇನು, ಸೇವ್ ಮಾಡೋದು ಹೆಂಗೆ, ಯಾವ ಗುಂಡಿ, ಯಾವ ಮೂಲೆ. ಬರ್ದೂ ಬರ್ದೂ ಮಣಿಕಟ್ಟು ನೋಯೋದು. ಹೊರಗಡೆ ಕಬ್ಬಿನ ಟ್ರಾಕ್ಟರು ಹೋದಾಗೆಲ್ಲ ಮೇಜು ಅದ್ರೋದು, ಲೈನ್ ಕಿತ್ಕೊಳ್ತೇನೋ ಅಂತ ಡಬ್ಬಿ ದೀಪ ನೋಡೋದು. ಕೊನೇಲಿ ‘ಅರ್ಥ ಆಯ್ತಾ?’ ಅಂತ ಕೇಳ್ದ್ರೆ ಅದು ಮಾತ್ರ ತಡ ಇಲ್ದೆ ಬರೋದು: ‘ಆಯ್ತು ಸಾರ್.’

ಸಾರ್! ನಾನು ಹೆಣ್ಣು ಅಂತ ಅವ್ರಿಗೆ ಗೊತ್ತಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ. ಅವ್ರಲ್ಲಿ ಮೀಸೆ ನರೆತೋರೂ ಅವ್ರೆ ಅಂತ ಓನರ್ರು ಹೇಳಿದ್ರು. ಪಿಯುಸಿ ಓದಿರೋ ಹುಡ್ಗಿ ಪಾಠ ಮಾಡ್ತಾಳೆ ಅಂತ ತಿಳಿದ್ರೆ ಎದ್ದು ಹೋಗ್ಬುಡ್ತಾರೆ ಅನ್ನೋ ಎದ್ರಿಕೆ. ಕೆಲವು ಸಲ ಇನ್ನೂ ಕೆಟ್ಟ ಯೋಚ್ನೆ ಬರೋದು. ಅವ್ರಿಗೆ ಗೊತ್ತಾಗೇ ಹೋಗೈತೆ, ಪರದೆ ಮುಂದೆ ಕೂತ್ಕಂಡು ನನ್ನ ತಪ್ಪು ಓದಿ ಓದಿ ನಗ್ತಾವ್ರೆ, ಅದ್ಕೇ ಉತ್ರ ಇಲ್ಲ. ಊಟಕ್ಕೆ ಕೂತ್ರೆ ಆ ನಗು ಕೇಳ್ಸೋದು. 

ದಸರಾ ರಜೆಗೆ ಅಕ್ಕ-ಭಾವ ನಮ್ಮನೆಗೆ ಬಂದಿದ್ರು. ಭಾವ ಹೊಸಹೊಳಲಿನ ಹತ್ರ ಒಂದು ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು. ನನ್ನ ಮುಖ ನೋಡಿ ಕೇಳ್ದ್ರು.

“ಏನಮ್ಮಿ, ಟೀಚರಮ್ಮಾ, ಕೆಲ್ಸ ಖುಷಿ ಕೊಡ್ತದಾ?”

“ಏನೋ ಭಾವ. ಪಾಠ ಮಾಡ್ತೀನಿ. ಯಾರಿಗೆ ಮಾಡ್ತೀನಿ ಅಂತ ಗೊತ್ತಾಗಲ್ಲ.”

“ಮಕ್ಳ ಮಕ ನೋಡ್ದೆ ಪಾಠ ಮಾಡೋದಾ? ಕಣ್ಣು ಕಟ್ಕಂಡು ಹೆಣ್ಣು ನೋಡಕ್ಕೋದಂಗಾಯ್ತು ಕಣಮ್ಮಿ!”

ಒಳಗಿಂದ ಅಕ್ಕ, “ನೀವು ಕಣ್ಣು ಬಿಟ್ಕಂಡು ನೋಡಕ್ಕೆ ಬಂದು ಏನ್ ಮಹಾ ಕಂಡ್ರಿ? ಬರೀ ಉಪ್ಪಿಟ್ಟು ತಿಂದ್ರಿ” ಅಂದ್ಲು. ಎಲ್ಲ ನಕ್ರು. ನಂಗೆ ನಗು ಬರ್ಲಿಲ್ಲ.

ಭಾವ ಆಮೇಲೆ ಸಣ್ಣ ದನಿ ಮಾಡಿ ಹೇಳ್ದ್ರು. “ನಂಗೆ ಸಂಬ್ಳಕ್ಕಿಂತ ಯಾವುದು ಖುಷಿ ಗೊತ್ತಾ? ಹಿಂದ್ಲ ಸಾಲಲ್ಲಿ ಒಂದು ಮುದ್ದೆ ಮಕ ಇರ್ತದೆ, ಏನೂ ತಿಳಿಯದ್ದು. ಒಂದಿನ ಇದ್ದಕ್ಕಿದ್ದಂಗೆ ಅದ್ರ ಹುಬ್ಬು ಮೇಲೆ ಹೋಯ್ತದೆ. ಓ, ಇಂಗಾ! ಅಂತ. ಅಷ್ಟು ಸಾಕು ಒಂದ್ ವಾರಕ್ಕೆ.”

ನಾನು ಒಂದು ಹುಬ್ಬೂ ಕಂಡಿರ್ಲಿಲ್ಲ.

ಅದೇ ವಾರ ಓನರ್ರು ಸೆಂಟ್ರಿಗೆ ಬಂದ್ರು. ಕೂತ್ಕೊಳ್ಳಲೂ ಇಲ್ಲ. “ನಾಗಮಂಗಲದಲ್ಲಿ ಜನ ಕಮ್ಮಿ ಆಗ್ತಾವ್ರೆ. ಏನ್ ಕಲ್ತ್ರಿ ಅಂದ್ರೆ ತಲೆ ಕೆರ್ಕೋತಾರೆ. ಬರೋ ಸೋಮ್ವಾರ ನಾನೇ ಅಲ್ಲಿ ಹೋಗಿ ಕೂತ್ಕೋತೀನಿ, ನೀನು ಇಲ್ಲಿಂದ ಪಾಠ ಮಾಡು. ಅವ್ರು ಬಾಯಿ ಬಿಡ್ಲಿಲ್ಲ ಅಂದ್ರೆ ಲೈನ್ ಬಂದ್ ಮಾಡ್ಬುಡ್ತೀನಿ. ನೀನೂ ಬೇರೆ ಕೆಲ್ಸ ನೋಡ್ಕೋ ತಾಯಿ, ಬೇಜಾರ್ ಮಾಡ್ಕೋಬೇಡ.”

ಬೇಜಾರಲ್ಲ ಅದು. ಕಾಲ ಕೆಳಗೆ ನೆಲ ಸರಿದಂಗೆ. ಟೀಚರ್ರು ಅನ್ನೋ ಹೆಸ್ರು ಸೋಮ್ವಾರದವರ್ಗೂ ಮಾತ್ರ. ಮನೇಲಿ ಯಾರಿಗೂ ಹೇಳ್ಲಿಲ್ಲ, ಭಾವನಿಗೆ ಬಿಟ್ಟು.

“ಸನಿವಾರ ನೀನೇ ನಾಗಮಂಗಲಕ್ಕೆ ಓಗಿ ನೋಡ್ಬುಡು” ಅಂದ್ರು ಭಾವ.

“ನಾನು ಹೋದ್ರೆ ಇಲ್ಲಿ ಕ್ಲಾಸ್ ಯಾರು ತಗೋತಾರೆ? ಕ್ಲಾಸ್ ನಡೀತಿದ್ರೆ ತಾನೇ ಅವ್ರು ಏನ್ ಮಾಡ್ತಾರೆ ಅಂತ ಕಾಣೋದು?”

“ನಾನಿಲ್ವಾ? ಯಾವ ಗುಂಡಿ ಒತ್ಬೇಕು ಹೇಳು.”

ನಂಗೆ ಇನ್ನೊಂದು ಎದ್ರಿಕೆ ಶುರುವಾಯ್ತು. ಭಾವ ಕಂಪ್ಯೂಟ್ರು ಮುಟ್ಟಿದ್ದೇ ಇಲ್ಲ. ಶುಕ್ರವಾರ ಸೆಂಟ್ರಿಗೆ ಕರ್ಕಂಡು ಹೋಗಿ ಫೋನ್ ಹಚ್ಚೋದು ತೋರಿಸ್ದೆ. ಒಂದೇ ಬೆರಳು, ಸೌದೆ ಒಡೆದಂಗೆ ಹೊಡೀತಿದ್ರು. “ಮೆತ್ಗೆ ಭಾವ, ಅದು ಬ್ಲಾಕ್‌ಬೋರ್ಡಲ್ಲ!” “ಸುಮ್ಕಿರಮ್ಮಿ, ಮೆತ್ಗೆ ಒತ್ತಿದ್ರೆ ನಾಗಮಂಗಲಕ್ಕೆ ಕೇಳ್ಸಬೇಕಲ್ಲ!” ನಮಸ್ಕಾರ ಅಂತ ಬರ್ದು ಸುಮ್ನೆ ಕೂತ್ಕೊಳ್ಳಿ, ಬೇರೆ ಏನೂ ಮುಟ್ಬೇಡಿ ಅಂತ ಆಣೆ ಹಾಕಿಸ್ಕಂಡೆ.

ಶನಿವಾರ ಬಸ್ಸು ಹತ್ತಿದ್ದೇ ತಪ್ಪಾಯ್ತಾ ಅನ್ನಿಸ್ತು. ಸಕ್ಕರೆ ಫ್ಯಾಕ್ಟ್ರಿ ಹತ್ರ ಕಬ್ಬಿನ ಗಾಡಿ ಸಾಲು, ಬಸ್ಸು ಅಲ್ಲಾಡಲ್ಲ. ಡ್ರೈವರು ಇಳ್ದು ಕಬ್ಬು ಮುರ್ಕಂಡು ತಿಂತಾ ನಿಂತವ್ನೆ. ಜಕ್ಕನಹಳ್ಳಿ ದಾಟೋ ಹೊತ್ತಿಗೆ ಬರೀ ಕೆಟ್ಟ ಯೋಚ್ನೆ. ಅವ್ರು ನಗ್ತಾ ಕೂತಿದ್ರೆ? ಯಾರೂ ಇಲ್ದೆ ಇದ್ರೆ? ಇಷ್ಟು ದಿನ ‘ಆಯ್ತು ಸಾರ್’ ಅಂದಿದ್ದು ಬಾಗ್ಲು ಗುಡಿಸೋನೊಬ್ಬನೇ ಆಗಿದ್ರೆ?

ಸೆಂಟ್ರು ಒಂದು ಗೊಬ್ಬರದ ಅಂಗಡಿ ಮೇಲ್ಗಡೆ ಇತ್ತು. ಮೆಟ್ಲು ಹತ್ತಿ ನೋಡಿದ್ರೆ ಬಾಗ್ಲಾಚೆ ಚಪ್ಲಿ ರಾಶಿ. ಒಳಗೆ ಸದ್ದೇ ಇಲ್ಲ. ಮೆಲ್ಲಗೆ ಇಣುಕಿದೆ.

ಎಲ್ಲರೂ ನಿಂತಿದ್ರು.

ಮೂರ್ನಾಲ್ಕು ಹಳೇ ಕಂಪ್ಯೂಟ್ರು, ಅವುಗಳ ಮುಂದೆ ಖಾಲಿ ಕುರ್ಚಿ. ಜನ ಎಲ್ಲ ಗೋಡೆಗೆ ಒರಗ್ದೆ, ಕೈ ಕಟ್ಕಂಡು, ಫೋನ್ ತಂತಿ ಇರೋ ಕಂಪ್ಯೂಟ್ರ ಕಡೆ ಮಕ ಮಾಡ್ಕಂಡು ನಿಂತವ್ರೆ. ಆ ಪರದೆ ಮೇಲೆ ಒಂದೇ ಮಾತು, ಭಾವ ಬರ್ದಿದ್ದು: ನಮಸ್ಕಾರ.

ಬಾಗ್ಲ ಹತ್ರ ನಿಂತಿದ್ದ ಹೆಂಗಸು ನನ್ನ ನೋಡಿ ಪಿಸುಗುಟ್ಟಿದ್ಲು. ಹಾಲಿನ ಡೈರೀಲಿ ಕೆಲ್ಸ ಮಾಡೋಳು ಅಂತ ಆಮೇಲೆ ಗೊತ್ತಾಯ್ತು. “ಏನವ್ವ, ಸೇರಕ್ಕೆ ಬಂದಾ? ಚಪ್ಲಿ ಬುಟ್ಟು ಬಾ. ಸಾರ್ ಬಂದವ್ರೆ.”

“ಯಾಕೆ ನಿಂತಿದೀರಾ?” ಅಂತ ನಾನೂ ಪಿಸುಗುಟ್ಟಿದೆ.

“ಮೇಷ್ಟ್ರು ಬಂದ್ರೆ ನಿಂತ್ಕೊಬೇಡ್ವಾ? ಕೂತ್ಕೊಳ್ಳಿ ಅಂದಿಲ್ವಲ್ಲ ಇನ್ನೂ.”

ಮೀಸೆ ನರೆತಿದ್ದ ಒಬ್ರು, ಲಾರಿ ಆಫೀಸಲ್ಲಿ ಬಿಲ್ ಬರೆಯೋರು, ಕಾಲು ಬದಲಾಯಿಸ್ಕಂಡು, “ಈ ಸಾರ್ ಕೂತ್ಕೊಳ್ಳಿ ಅನ್ನದೇ ಇಲ್ಲ. ಬಾಳ ಸ್ಟ್ರಿಕ್ಟು. ಕಂಪ್ಯೂಟ್ರು ಕಲಿಯಕ್ಕೆ ತಲೆಗಿಂತ ಮೊಣಕಾಲು ಗಟ್ಟಿ ಇರ್ಬೇಕು ಕಣವ್ವ” ಅಂದ್ರು.

 ಇಷ್ಟು ದಿನ, ಪ್ರತಿ ಕ್ಲಾಸೂ, ಪೂರ್ತಿ ಕ್ಲಾಸು ಇವ್ರು ನಿಂತೇ ಇದ್ರು. ಯಾರೂ ಕೂತಿಲ್ಲ ಅಂದ್ಮೇಲೆ, ‘ಆಯ್ತು ಸಾರ್’ ಅಂತ ಒತ್ತೋದು ಬಿಟ್ರೆ ಯಾರೂ ಒಂದು ಗುಂಡಿ ಮುಟ್ಟಿಲ್ಲ. ನಾನು ಮೌನ ಅಂದ್ಕಂಡಿದ್ದು ಮರ್ಯಾದೆ. ನಾನು ಇಲ್ಲಿ ಅವ್ರನ್ನ ಶಿಕ್ಷೆಗೆ ನಿಲ್ಲಿಸಿದಂಗೆ ನಿಲ್ಲಿಸಿ, ಅಲ್ಲಿ ಕೂತು ಅವ್ರು ನಗ್ತಾವ್ರೆ ಅಂತ ಎದುರ್ಕಂಡಿದ್ದೆ.

ಅಷ್ಟರಲ್ಲಿ ಪರದೆ ಮೇಲೆ ಒಂದೊಂದೇ ಅಕ್ಷರ ಬಂತು. ಭಾವ ಆಣೆ ಮುರಿದು, ಸ್ಕೂಲಲ್ಲಿ ದಿನಾ ಹೇಳೋ ಮಾತನ್ನೇ ಬರ್ದಿದ್ರು. ‘ಎಲ್ಲ ಕೂತ್ಕೊಳ್ಳಿ.’

ಅಯ್ಯೋ, ರೂಮೆಲ್ಲ ಉಸ್ಸಪ್ಪಾ ಅಂತು! ಕುರ್ಚಿ ಕರಕರ ಎಳ್ಕಂಡು, ಕುರ್ಚಿ ಸಿಗ್ದಿದ್ದೋರು ನೆಲಕ್ಕೆ ಕುಕ್ಕರಿಸಿ, ಮೊಣಕಾಲು ತಿಕ್ಕೊಂಡ್ರು. “ಇವತ್ತು ಸಾರ್ ಒಳ್ಳೆ ಮೂಡಲ್ಲಿ ಅವ್ರೆ” ಅಂದ್ಲು ಡೈರಿ ಹೆಂಗಸು. ಮತ್ತೆ ಬಂತು: ‘ಹಾಜ್ರಿ ಹೇಳಿ.’ ಭಾವನಿಗೆ ಅದೊಂದು ಬಿಟ್ರೆ ಬೇರೆ ಹೊಳೀಲಿಲ್ಲ ಅಂತ ಕಾಣ್ತದೆ. ಒಬ್ಬೊಬ್ರೇ ಎದ್ದು ಹೋಗಿ ತಮ್ಮ ಹೆಸ್ರು ಹುಡುಕಿ ಹುಡುಕಿ ಒತ್ತಿದ್ರು. ಹೆಸ್ರು ಪರದೆ ಮೇಲೆ ಕಂಡಾಗ ಒಬ್ಬೊಬ್ರ ಮಕನೂ ನೋಡ್ದೆ. ಹುಬ್ಬು ಮೇಲೆ ಹೋಗೋದು ಅಂದ್ರೆ ಏನು ಅಂತ ಅಲ್ಲಿ ಕಂಡೆ. ಹೊಟ್ಟೆಕಿಚ್ಚೂ ಆಯ್ತು. ಮೇಷ್ಟ್ರು ಅಂದ್ರೆ ಏನು ಅಂತ ಭಾವನಿಗೆ ಗೊತ್ತು, ನಂಗೆ ಗುಂಡಿ ಗೊತ್ತು ಅಷ್ಟೇ.

ಲೈನ್ ಕಟ್ಟಾದ್ಮೇಲೆ ಧೈರ್ಯ ಮಾಡಿ ಹೇಳ್ದೆ. “ಇಷ್ಟು ದಿನ ಪಾಠ ಮಾಡ್ತಿದ್ದೋಳು ನಾನು.”

ಎಲ್ಲ ನನ್ನೇ ನೋಡಿದ್ರು. ಮೀಸೆಯವ್ರು ತಟ್ ಅಂತ ಮತ್ತೆ ಎದ್ದು ನಿಂತ್ಕಂಡ್ರು. ನಂಗೆ ಅಳು ಬಂದ್ಬುಡ್ತು. “ಕೂತ್ಕೊಳ್ಳಿ, ಕೂತ್ಕೊಳ್ಳಿ, ನಿಮ್ಮ ದಮ್ಮಯ್ಯ ಕೂತ್ಕೊಳ್ಳಿ.”

“ಇಷ್ಟ್ ಚಿಕ್ಕೋಳಾ ನೀನು! ನಾವೇನೋ ದಪ್ಪ ಕನ್ನಡಕದ ಸಾರ್ ಅಂದ್ಕಂಡಿದ್ವಿ” ಅಂದ್ಲು ಡೈರಿ ಹೆಂಗಸು. ಯಾರೂ ಎದ್ದು ಹೋಗ್ಲಿಲ್ಲ.

“ನಾನು ಹೇಳ್ಕೊಟ್ಟಿದ್ದು ಅರ್ಥ ಆಗಿದ್ಯಾ?” ಅಂತ ಕೇಳ್ದೆ.

“ಆಗೈತೆ ಮೇಡಂ” ಅಂದ್ರು, ಎಲ್ಲ ಒಟ್ಗೆ.

“ಹಂಗಾದ್ರೆ ಒಂದು ಫೈಲ್ ಸೇವ್ ಮಾಡಿ ತೋರ್ಸಿ.”

ಒಬ್ರ ಮಕ ಒಬ್ರು ನೋಡ್ಕಂಡ್ರು. ಯಾರ್ಗೂ ಬರ್ಲಿಲ್ಲ. ಒಬ್ರಿಗೂ.

“ಮತ್ತೆ ಯಾಕೆ ಆಯ್ತು ಅಂತ ಬರೀತಿದ್ರಿ?”

“ಮೇಷ್ಟ್ರಿಗೆ ಅರ್ಥ ಆಗ್ಲಿಲ್ಲ ಅನ್ನಕಾಯ್ತದಾ?” ಅಂದ್ರು ಮೀಸೆಯವ್ರು. “ಪಾಪ, ಅಷ್ಟ್ ದೂರದಿಂದ ಕಷ್ಟಪಟ್ಟು ಏಳ್ಕೊಡ್ತಾವ್ರೆ. ನಾವು ತಿಳೀಲಿಲ್ಲ ಅಂದ್ರೆ ಮನಸ್ಗೆ ನೋವಾಯ್ತದೆ.”

ನನ್ನ ಮನಸ್ಗೆ ನೋವಾಗ್ಬಾರ್ದು ಅಂತ ಇಷ್ಟು ಜನ ಏನೂ ಕಲೀದೆ ಕಾಲು ನೋಯಿಸ್ಕಂಡಿದ್ರು. ಅದೇನು ಅಂತ ಹೇಳ್ಲಿ, ಪ್ರೀತಿ ಅನ್ನಲಾ? 

ಸೋಮ್ವಾರ ಓನರ್ರು ಬರೋದು ಹೇಳ್ದೆ. “ಲೈನ್ ಬಂದ್ ಆದ್ರೆ?” ಅಂದ್ಲು ಡೈರಿ ಹೆಂಗಸು. ಡೈರೀಗೆ ಕಂಪ್ಯೂಟ್ರು ಬರ್ತದೆ ಅಂತ ಮಾತಿತ್ತು, ಅದು ಬಂದಾಗ ತನ್ನನ್ನ ಹೊರಗೆ ಹಾಕ್ಬಾರ್ದು ಅಂತ ಕಲಿಯಕ್ಕೆ ಬರ್ತಿದ್ಲಂತೆ. “ನೀವೇನ್ ಚಿಂತೆ ಮಾಡ್ಬ್ಯಾಡಿ ಮೇಡಂ. ಓನರ್ ಮುಂದೆ ಎಲ್ಲಾ ಆಯ್ತು ಆಯ್ತು ಅಂತ ಹೇಳ್ಬುಡ್ತೀವಿ. ನಿಮ್ ಕೆಲ್ಸ ಎಲ್ಲಿಗೂ ಹೋಗಲ್ಲ.”

ಆಗ ‘ಹೂಂ’ ಅಂದ್ಬುಡ್ಬೇಕು ಅಂತ ನನ್ನ ಬಾಯಿ ತುದೀಲಿತ್ತು. ಕೆಲ್ಸ ಉಳಿಯೋದು. ಅವ್ರು ಮತ್ತೆ ಏನೂ ಕಲೀತಿರ್ಲಿಲ್ಲ. “ಬೇಡ. ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅಂತಾನೇ ಬರೀರಿ” ಅಂದೆ. ಮೆಟ್ಲು ಇಳೀತಾ ಇಳೀತಾನೇ, ಥೂ, ಯಾಕಂಗಂದೆ ಅಂತ ನನ್ನೇ ಬೈಕಂಡೆ.

ಸೋಮ್ವಾರ. ಮೋಡೆಮ್ಮು ಕಿರ್ರೋ ಅಂತು.  ‘ನಮಸ್ಕಾರ. ಎಲ್ಲರೂ ಕೂತ್ಕೊಳ್ಳಿ’ ಅಂತ ಬರ್ದೆ.

ಉತ್ರ ಇಲ್ಲ.

ಆ ಗೆರೆ ಮತ್ತೆ ಕಣ್ಣು ಹೊಡೀತಾ ಐತೆ. ಓನರ್ರು ಕುರ್ಚೀಲಿ ಕೂತವ್ರೆ, ಅವ್ರ ಮುಂದೆ ಇವ್ರು ಹೆಂಗೆ ಕೂತಾರು ಅಂತ ಹೊಳೀತು. ‘ಓನರ್ ಸಾರ್, ದಯವಿಟ್ಟು ನೀವೇ ಅವ್ರಿಗೆ ಕೂತ್ಕೊಳ್ಳಕ್ಕೆ ಹೇಳಿ’ ಅಂತ ಬರ್ದೆ. ಓನರ್ರಿಗೇ ಹಿಂಗೆ ಹೇಳೋದಾ ಅಂತ ಜೀವ ಹೋಯ್ತು. ಸ್ವಲ್ಪ ಹೊತ್ತಾದ್ಮೇಲೆ ಬಂತು: ‘ಕೂತ್ವಿ.’

ಸೇವ್ ಮಾಡೋ ಪಾಠ ಬರ್ದೆ. ಗಾಬ್ರೀಲಿ ಎರಡೆರಡು ಅಕ್ಷರ ಬೀಳೋವು. ಕೊನೇಲಿ ಕೇಳ್ಬೇಕಾದ್ದು ಕೇಳ್ದೆ. ‘ಅರ್ಥ ಆಯ್ತಾ?’

ಅಷ್ಟು ದಿನ ತಟ್ ಅಂತ ಬರ್ತಿದ್ದ ಉತ್ರ ಅವತ್ತು ಬರ್ಲಿಲ್ಲ. ನಾನು ಕಣ್ಣು ಮುಚ್ಕಂಡೆ. ಕಣ್ಣು ಬಿಟ್ಟಾಗ ಪರದೆ ಮೇಲಿತ್ತು:

‘ಇಲ್ಲ ಮೇಡಂ. ಏನೂ ಅರ್ಥ ಆಗ್ಲಿಲ್ಲ. ಮತ್ತೆ ಹೇಳಿ.’

ಓನರ್ ಎದ್ರಿಗೆ!  ಮುಗೀತು ನನ್ನ ಕೆಲ್ಸ ಅಂತ ಒಂದು ಕಡೆ. ಇನ್ನೊಂದು ಕಡೆ, ಅಲ್ಲಿ ಒಬ್ರು ನನ್ನ ಕೇಳ್ತಾವ್ರೆ, ನಿಜವಾಗ್ಲೂ ಕೇಳ್ತಾವ್ರೆ! ಯೋಚ್ನೆ ಮಾಡಕ್ಕೆ ಟೈಮಿಲ್ಲ. ಕೈಗೆ ಬಂದಿದ್ದು ಬರ್ದೆ. ‘ಹಸು ಕರೀತೀರಾ. ಹಾಲು ಚೊಂಬಲ್ಲೇ ಇದ್ರೆ, ಹಸು ಒದ್ದ್ರೆ ಹೋಯ್ತು. ಡೈರಿ ಕ್ಯಾನಿಗೆ ಹಾಕ್ಬುಟ್ರೆ ಭದ್ರ. ಪರದೆ ಮೇಲೆ ಬರೆಯೋದೆಲ್ಲ ಚೊಂಬಲ್ಲಿರೋ ಹಾಲು. ಕರೆಂಟು ಹೋಗೋದು ಅಂದ್ರೆ ಹಸು ಒದ್ದಂಗೆ. ಸೇವ್ ಮಾಡೋದು ಅಂದ್ರೆ ಕ್ಯಾನಿಗೆ ಹಾಕೋದು.’

ಗೆರೆ ಕಣ್ಣು ಹೊಡೀತು. ಆಮೇಲೆ ಬರ್ತಾನೇ ಹೋಯ್ತು, ಬೇರೆ ಬೇರೆ ಕೈ ಅಂತ ಅಕ್ಷರ ಬೀಳೋ ರೀತೀಲೇ ಗೊತ್ತಾಗೋದು. ‘ಕ್ಯಾನು ಎಲ್ಲೈತೆ ಮೇಡಂ?’ ‘ನನ್ ಹಾಲು ಯಾವ ಕ್ಯಾನಿಗೆ ಹೋಯ್ತು ಅಂತ ಹೆಂಗೆ ಗೊತ್ತಾಗೋದು?’ ‘ಇಬ್ರ ಕ್ಯಾನು ಒಂದೇ ಹೆಸ್ರಿದ್ರೆ?’ ‘ಹಸು ಒದೀತು ಮೇಡಂ, ಯಾರೋ ಸ್ವಿಚ್ ಆರ್ಸಿದ್ರು!’ ನಾನು ಉತ್ರ ಕೊಡಕ್ಕಾಗ್ದಷ್ಟು.

ಸಾಯಂಕಾಲ ಓನರ್ರು ಪಾಂಡವಪುರಕ್ಕೆ ಬರೋವರ್ಗೂ ಕಾದೆ. ಬೀಗ ಹಾಕೋ ಹೊತ್ತಾಗಿತ್ತು. ಬಂದೋರು ಒಂದು ಲೋಟ ನೀರು ಕುಡ್ದು, ನನ್ನ ನೋಡಿದ್ರು.

“ಅವ್ರಿಗೆ ಏನೂ ಬರಲ್ಲ ಕಣಮ್ಮ.”

“ಹೌದು ಸಾರ್.”

“ಇಷ್ಟು ದಿನ ಏನ್ ಮಾಡ್ತಿದ್ದೆ?”

ನಾನು ತಲೆ ಬಗ್ಗಿಸ್ಕಂಡು ನಿಂತೆ.  ಅಷ್ಟು ಎದ್ರಿಕೆ ನಂಗೆ ಹಿಂದೆಂದೂ ಆಗಿರ್ಲಿಲ್ಲ.

“ಬಡ್ಡೆತ್ತವು” ಅಂದ್ರು ಓನರ್ರು, ಲೋಟ ಇಟ್ಟು. “ಪಾಠ ಮುಗುದ್ರೂ ಎದ್ದೋಗಲ್ಲ ಅಂತಾವ್ರೆ! ನಾನು ಬಾಗ್ಲು ಹಾಕ್ಬೇಕು ಅಂದ್ರೆ, ತಡೀರಿ ಸಾ, ಇನ್ನೊಂದ್ ಕ್ಯಾನು ಅಂತಾನೆ ಆ ಮೀಸೆಯಪ್ಪ. ಮೊದ್ಲ ಪಾಠದಿಂದ ಶುರು ಮಾಡು. ಎಲ್ಲ ಮತ್ತೆ ಹೇಳು. ಲೈನ್ ಇರ್ಲಿ.” ಬಾಗ್ಲ ಹತ್ರ ಹೋಗಿ ತಿರುಗಿ, “ಮತ್ತೆ ನನ್ಗೇ ಹೇಳ್ತೀಯಲ್ಲ, ಅವ್ರನ್ನ ಕೂರ್ಸು ಅಂತ! ಧೈರ್ಯ ಐತೆ ನಿಂಗೆ” ಅಂದು ಹೊಂಟೋದ್ರು.

ಧೈರ್ಯ ಎಲ್ಲಿಂದ ಬರ್ತದೆ! ಬಾಗ್ಲಿಗೆ ಬೀಗ ಹಾಕೋದನ್ನೇ ಮರ್ತು ಬಸ್ ಸ್ಟ್ಯಾಂಡಿನವರ್ಗೂ ಹೋಗಿ ವಾಪಸ್ ಬಂದೆ.

ಮಾರ್ನೇ ದಿನ ಕೂತಾಗ್ಲೂ ಎದ್ರಿಕೆ ಇತ್ತು. ಈಗ್ಲೂ ಇದೆ, ಸುಳ್ಳು ಹೇಳಲ್ಲ. ಮೊದ್ಲು ಆ ಕಡೆ ಯಾರೂ ಇಲ್ಲ ಅನ್ನೋ ಎದ್ರಿಕೆ. ಈಗ ಎಲ್ಲ ಅವ್ರೆ, ನನ್ನ ಒಂದೊಂದು ಮಾತೂ ನಂಬ್ಕಂಡವ್ರೆ, ತಪ್ಪು ಹೇಳ್ಬುಟ್ರೆ ಅನ್ನೋ ಎದ್ರಿಕೆ. ನಾನು ಗಡಿಬಿಡೀಲಿ ಮೊದ್ಲ ಪಾಠ ಬರೀತಾ ಇದ್ದೆ, ಒಂದೇ ಉಸಿರಲ್ಲಿ. ಮಧ್ಯದಲ್ಲೇ, ನಾನು ಏನೂ ಕೇಳ್ದೆ ಇರೋವಾಗ್ಲೇ, ನಾಗಮಂಗಲದಿಂದ ಒಂದು ಸಾಲು ಬಂತು.

‘ಮೇಡಂ, ವಸಿ ನಿಧಾನ. ನಾವಿನ್ನೂ ಮೇಲ್ಗಡೆ ಸಾಲಲ್ಲೇ ಇದೀವಿ.’

ಕೀಬೋರ್ಡಿಂದ ಕೈ ತೆಗ್ದೆ. ಸೀರೆ ಸೆರಗಲ್ಲಿ ಬೆವ್ರು ಒರೆಸ್ಕಂಡು, ಅವ್ರು ಓದಿ ಮುಗಿಸ್ಲಿ ಅಂತ ಕಾಯ್ತಾ ಕೂತೆ.